ಎಂಟನೆಯ ಮನೆಯ ಬಾಗಿಲು

ಬೆಳಗಿನ ಐದೂವರೆ. ತಿಂಗಳು ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳ ಕಾರ್ಖಾನೆ. ಮಹಡಿಯಲ್ಲಿ ಒಂದೇ ಒಂದು ಪರದೆ ಬೆಳಗುತ್ತಿದೆ. ಅದರ ಮುಂದೆ ಶಾಲು ಹೊದ್ದು ಕೂತವರನ್ನು ಇಲ್ಲಿ ಎಲ್ಲರೂ 'ಇಣುಕಮ್ಮ' ಎಂದೇ ಕರೆಯುತ್ತಾರೆ. ಓಡುವ ಪ್ರೋಗ್ರಾಮನ್ನು ನಡುವೆ ತಡೆದು, ಅದರ ಮೆಮೊರಿಯೊಳಗೆ ಇಣುಕಿ ತಪ್ಪು ಹುಡುಕುವುದು ಅವರ ಕೆಲಸ. ನಿಂತ ಪ್ರೋಗ್ರಾಮು ಅವರ ಕಣ್ಣಿಗೆ ನಿದ್ದೆಹೋದ ಬೀದಿಯಂತೆ ಕಾಣುತ್ತದೆ. ಸಾಲು ಮನೆಗಳು, ಮನೆಗೊಂದು ಸಂಖ್ಯೆ, ಮಿಸುಕಾಟವೇ ಇಲ್ಲ.

"ಪಾಯಿಂಟರ್ ಅಂದ್ರೆ ಬರೀ ವಿಳಾಸ ಕಣ್ರೀ. ಅದನ್ನ ಓದಿದ್ರೆ ಒಳಗೆ ಯಾರಿದ್ದಾರೆ ಅಂತ ಗೊತ್ತಾಗಲ್ಲ. ಹೋಗಿ ಬಾಗಿಲು ತೆಗೀಬೇಕು" ಎಂದು ಇಣುಕಮ್ಮ ಹೊಸಬರಿಗೆ ಹೇಳಿಕೊಡುತ್ತಾರೆ.

ಹದಿನಾರು ವರ್ಷದಿಂದ ಇದೇ ಬದುಕು. ದಿನಕ್ಕೆ ಮುನ್ನೂರು ಮನೆಯಾದರೂ ನೋಡುತ್ತಾರೆ. ಕತ್ತು ಹಿಡಿದುಕೊಂಡಿದೆ, ಕನ್ನಡಕ ನಾಲ್ಕು ಸಲ ಬದಲಾಗಿದೆ. "ಪರರ ಮನೆ ಇಣುಕೋಕೆ ಸಂಬಳ ಬೇರೆ ಕೊಡ್ತಾರೆ ನಿಂಗೆ" ಎಂದು ಗಂಡ ಛೇಡಿಸುತ್ತಾರೆ.

ಆದರೆ ಒಂಬತ್ತು ದಿನದಿಂದ ಅವರಿಗೆ ನಗು ಬರುತ್ತಿಲ್ಲ. ಪರೀಕ್ಷೆಗೆಂದು ಮೇಜಿನ ಮೇಲಿಟ್ಟ ಪೆಟ್ಟಿಗೆ ಆಗೊಮ್ಮೆ ಈಗೊಮ್ಮೆ ಇಲ್ಲದ ಬಿಸಿ ತೋರಿಸುತ್ತದೆ. ಎಲ್ಲರ ಬೆರಳೂ ಕೆಳಗಿನ ಕೋಣೆಯಲ್ಲಿ ವೈರಿಗೆ ಬೆಸುಗೆ ಹಾಕುವ ಅಕ್ಕನ ಕಡೆಗೇ. ಇವತ್ತು ಹತ್ತು ಗಂಟೆಗೆ ಆ ಅಕ್ಕನನ್ನು ಕೆಲಸದಿಂದ ಬಿಡಿಸುವ ಮಾತಿದೆ. ನಿನ್ನೆ ಅವರು ಮಹಡಿ ಹತ್ತಿ ಬಂದು ಕೇಳಿದ್ದು ಇಷ್ಟೇ: "ನನ್ನ ಕೈ ತಪ್ಪಿಲ್ಲಮ್ಮ. ಅದನ್ನ ಹೇಗೆ ತೋರ್ಸೋದು?"

ಇಣುಕಮ್ಮ ಪ್ರೋಗ್ರಾಮನ್ನು ಮತ್ತೊಮ್ಮೆ ತಡೆದು ನಿಲ್ಲಿಸುತ್ತಾರೆ. ಪೆಟ್ಟಿಗೆ ಎಂಟು ಸಲ ಬಿಸಿ ಅಳೆದು, ಎಂಟು ಮನೆಗಳಲ್ಲಿಟ್ಟು, ಸರಾಸರಿ ತೆಗೆಯಬೇಕು. ಪಾಯಿಂಟರನ್ನು ಕೇಳಿದರೆ ಪರದೆ ತೋರಿಸುವುದು ಮೊದಲ ಮನೆಯನ್ನಷ್ಟೇ. ಅಲ್ಲಿ ಮೂವತ್ತಾರೂವರೆ ಡಿಗ್ರಿ ಕಂಡು ಎಲ್ಲರೂ ಸರಿಯಿದೆ ಎಂದು ಎದ್ದುಹೋದವರೇ. ಇವರೂ ಹಾಗೇ ಎದ್ದುಹೋಗಿದ್ದರು. ಈಗ ಪರದೆಗೆ ಎಂಟನ್ನೂ ತೋರಿಸು ಎನ್ನುತ್ತಾರೆ. ಏಳು ಮನೆ ಸರಿಯಿದೆ. ಎಂಟನೆಯದರಲ್ಲಿ ಹಿಂದೆ ಯಾವ ಕೆಲಸಕ್ಕೋ ಬಂದು ಉಳಿದುಹೋದ ಒಂದು ಸಂಖ್ಯೆ. ಮನೆಗಳನ್ನು ತುಂಬುವ ಪ್ರೋಗ್ರಾಮಿನ ಸಾಲು ಏಳಕ್ಕೇ ನಿಂತಿದೆ, ಸರಾಸರಿ ಮಾತ್ರ ಎಂಟನ್ನೂ ಎಣಿಸುತ್ತಿದೆ; ಉಳಿದುಹೋದ ಸಂಖ್ಯೆ ದೊಡ್ಡದಾದಾಗೆಲ್ಲ ಇಲ್ಲದ ಬಿಸಿ. ಆ ಸಾಲು ಬರೆದವರು ಯಾರೆಂದು ನೋಡುತ್ತಾರೆ. ಮೂರು ವರ್ಷದ ಹಿಂದೆ, ಇವರೇ.

ಕಿಟಕಿಯಲ್ಲಿ ಬೆಳಕು ಹರಿಯುತ್ತಿದೆ. ಇಣುಕಮ್ಮ ಮಹಡಿ ಇಳಿಯುತ್ತಾರೆ. ಕೆಳಗೆ ಬೆಸುಗೆಯ ಅಕ್ಕ ಆಗಲೇ ಬಂದು ಕೈಕಟ್ಟಿ ಕೂತಿದ್ದಾರೆ.

"ತಪ್ಪು ನಂದು ಅಕ್ಕ."

ಅಕ್ಕ ತಮ್ಮ ಸುಟ್ಟ ಬೆರಳುಗಳನ್ನೇ ನೋಡಿಕೊಳ್ಳುತ್ತಾರೆ. "ಹಾಗಾದ್ರೆ ನಿಮ್ಮನ್ನ ಬಿಡಿಸ್ತಾರಾ?"

"ಗೊತ್ತಿಲ್ಲ. ಹತ್ತು ಗಂಟೆಗೆ ಎಲ್ಲರ ಮುಂದೆ ಹೇಳ್ತೀನಿ, ನೀವು ಪಕ್ಕದಲ್ಲಿ ನಿಂತಿದ್ರೆ ಸಾಕು. ತಪ್ಪು ಬರೆದವಳೂ ನಾನೇ, ಹುಡುಕಿದವಳೂ ನಾನೇ."