ತಂದೆಯ ಹೆಸರು ಹುಡುಕಿದ ಉಗ್ರಾಣಿ

ಬೆಳಗಿನ ಆರು ಗಂಟೆ. ಹೆಮ್ಮಾಡಿಯಿಂದ ಹೊಳೆ ಕಡೆಗೆ ಇಳಿಯುವ ಮಣ್ಣುದಾರಿಯಲ್ಲಿ ಹಳೆಯ ಸೈಕಲ್ಲೊಂದು ವನಜಕ್ಕನ ಬೇಲಿಗೆ ಒರಗುತ್ತದೆ. ಮೀನು ಮಾರುವ ವನಜಕ್ಕ ಬುಟ್ಟಿ ತೊಳೆಯುತ್ತಿದ್ದಾರೆ. ಏಳರ ಬಸ್ಸು ತಪ್ಪಿದರೆ ಇವತ್ತಿನ ವ್ಯಾಪಾರ ಹೋಯಿತು.

“ಹ್ವಾಯ್ ವನಜಕ್ಕ!”

“ಎಂತ ದುಗ್ಗಪ್ಪಣ್ಣ, ಹೊತ್ ಹುಟ್ಟುಕ್ ಮೊದ್ಲೇ ಸರ್ಕಾರ ಬಂತಾ?”

“ಬಂತ್. ಕೈ ಒರ್ಸ್ಕಣಿ. ನಿಮ್ ಅಪ್ಪಯ್ಯನ್ನ ತಂದಿದ್ದೆ.”

ಪ್ಲಾಸ್ಟಿಕ್ ಕವರಿನಿಂದ ಹೊಸ ಪಹಣಿ ಹೊರಬರುತ್ತದೆ. ವನಜಕ್ಕನಿಗೆ ಓದು ಬಾರದು. ದುಗ್ಗಪ್ಪ ಬೆರಳಿಟ್ಟು ಓದುತ್ತಾರೆ: “ವನಜ, ತಂದೆ ನಾಗ.” ಹನ್ನೊಂದು ವರ್ಷ ಆ ಜಾಗದಲ್ಲಿ ಇದ್ದದ್ದು ತಾಯಿಯ ಅಣ್ಣ, ಸೋದರಮಾವ ಕಿಟ್ಟನ ಹೆಸರು.

“ಇಷ್ಟ್ ವರ್ಷ ಸರ್ಕಾರದ ಲೆಕ್ಕದಲ್ ನಮ್ಮಬ್ಬಿಗೆ ಅಣ್ಣನೇ ಗಂಡ ಕಾಣಿ!” ಎಂದು ವನಜಕ್ಕ ಜೋರಾಗಿ ನಗುತ್ತಾರೆ. ಆ ಒಂದು ಹೆಸರಿನ ದೆಸೆಯಿಂದ ಎರಡು ಸಲ ಅವರಿಗೆ ಸರಕಾರಿ ಮನೆ ತಪ್ಪಿದೆ.

ಬಸ್ಸಿಗೆ ಹೊತ್ತಾದರೂ ದುಗ್ಗಪ್ಪ ಹೊರಡುವುದಿಲ್ಲ. ಚೀಟಿ ಮುಂದೆ ಹಿಡಿದು ಹೆಬ್ಬೆಟ್ಟು ಹಾಕಿಸಿಕೊಳ್ಳುತ್ತಾರೆ. “ಕೊಟ್ಟದ್ದಕ್ಕೆ ಗುರ್ತ್ ಬೇಕ್,” ಅಷ್ಟೇ ಮಾತು.

ದುಗ್ಗಪ್ಪ ಉಗ್ರಾಣಿ. ಗ್ರಾಮಕರಣಿಕರ ಕೈಕೆಳಗೆ ನೋಟಿಸು ಮುಟ್ಟಿಸುವ, ಗಡಿಕಲ್ಲು ತೋರಿಸುವ, ನೆರೆ ಬಂದರೆ ಮನೆ ಮನೆ ಎಣಿಸುವ ಕೆಲಸ. ಮುಂಬಯಿಯ ಹೋಟೆಲಿನಲ್ಲಿ ಲೋಟ ತೊಳೆದು ವಾಪಸಾದವರಿಗೆ, ಅಳಿಯಕಟ್ಟಿನ ಮನೆಯಲ್ಲಿ ಸೋದರಮಾವನ ಆಸ್ತಿ ಅಳಿಯನಿಗೆ ಬರುವ ಹಾಗೆಯೇ, ಮಾವ ಚಂದಯ್ಯನಿಂದ ಈ ಕೆಲಸ ಬಂತು. ಅದು ೧೯೯೭, ಉಡುಪಿ ಬೇರೆ ಜಿಲ್ಲೆಯಾದ ವರ್ಷ.

“ಮಂಗ್ಳೂರಿಗ್ ಹೋಪ ಕಾಗ್ದ ಉಡುಪಿಗ್ ಹೋಪುಕ್ ಶುರುವಾಯ್ತ್. ಜನ ಖುಷಿಯಂಗೆ ಬಂದ್ ಕೇಂಬುದ್, ನಮ್ದೇ ಜಿಲ್ಲೆ ಅಲ್ದಾ ದುಗ್ಗಪ್ಪ, ಇನ್ ಎಲ್ಲ ಬೇಗ ಆತ್ತಲ್ದಾ ಅಂದೇಳಿ. ನಾನೂ ಹೌದ್ ಅಂದೆ,” ಎಂದು ನಗುತ್ತಾರೆ.

ಆಗ ಕಚೇರಿ ಎಂದರೆ ಬಾಡಿಗೆ ಮನೆಯ ಜಗಲಿ. ಒಂದು ಮೇಜು, ಒಂದು ತಗಡಿನ ಪೆಟ್ಟಿಗೆ. ಬಂದವರಿಗೆ ಮನೆಯಾಕೆ ಬೆಲ್ಲ ನೀರು ಕೊಡುತ್ತಿದ್ದರು. ಯಾರಿಗೂ ಸರ್ವೆ ನಂಬರು ಬಾಯಲ್ಲಿರಲಿಲ್ಲ. “ಹಲ್ಸಿನಡಿ ಮನೆ, ಮೂಡ್ ಬದಿ ಗದ್ದೆ” ಎಂದರೆ ಮುಗಿಯಿತು, ಉಗ್ರಾಣಿಗೆ ಗೊತ್ತು. ಆ ಜಗಲಿಯ ಮಾತು ಬಂದಾಗ ದುಗ್ಗಪ್ಪನ ದನಿ ಮೆತ್ತಗಾಗುತ್ತದೆ.

ಪಹಣಿ ಕಂಪ್ಯೂಟರಿಗೆ ಏರಿದ್ದು ಆಮೇಲೆ. ಬರೆದುಕೊಳ್ಳಲು ಬಂದವರು ದೂರದ ಊರಿನವರು. ಅಂಗಳದಲ್ಲಿ ನಿಂತು “ಯಜಮಾನ ಯಾರು?” ಎಂದು ಕೇಳಿದರು. ಅಳಿಯಕಟ್ಟಿನ ಮನೆಯ ಮುದುಕಿಯರು ಇದ್ದದ್ದನ್ನೇ ಹೇಳಿದರು, ಯಜಮಾನಿಕೆ ನಡೆಸುವ ಸೋದರಮಾವನ ಹೆಸರು. ಅದು ತಂದೆಯ ಜಾಗದಲ್ಲಿ ಕೂತಿತು. ಮೂರು ಗ್ರಾಮಗಳಲ್ಲಿ ಇನ್ನೂರ ಮೂವತ್ತೆರಡು ಮನೆಗಳಿಗೆ ಹೀಗೆ ಅಪ್ಪ ಬದಲಾದರು. ಬ್ಯಾಂಕಿಗೆ ಹೋದವರು, ಪಾಲು ಕೇಳಿದವರು, ಮನೆಗೆ ಅರ್ಜಿ ಹಾಕಿದವರು, ಎಲ್ಲರೂ ಬಾಗಿಲಲ್ಲೇ ವಾಪಸ್. ತಪ್ಪು ಮಾಡಿದವರು ಬರಲಿಲ್ಲ. ಬೈಗುಳ ತಿಂದವರು ದುಗ್ಗಪ್ಪ.

ಯಾರೂ ಹೇಳದೆ ಅವರೊಂದು ಉದ್ದ ಪುಸ್ತಕ ತಂದರು. ದಿನಕ್ಕೆ ಇಪ್ಪತ್ತು ಕಿಲೋಮೀಟರ್ ಸೈಕಲ್ಲು, ಹತ್ತು ಹನ್ನೆರಡು ನೋಟಿಸು, ನಡುವೆ ಒಂದು ಮನೆಯ ಜಗಲಿ. ಮನೆಯ ಹೆಸರು, ಅಬ್ಬಿ, ಮಾವ, ಅಪ್ಪ, ಗದ್ದೆಯ ಹೆಸರು, ಸರ್ವೆ ನಂಬರು. ಕೆಳಗೆ ಇಬ್ಬರು ಹಿರಿಯರ ಸಹಿ. ಗ್ರಾಮಕರಣಿಕರು ಒಂಬತ್ತು ಮಂದಿ ಬದಲಾಗಿದ್ದಾರೆ. ಒಬ್ಬೊಬ್ಬರೂ ಬಂದ ವಾರವೇ ಕೇಳಿದ್ದು, “ದುಗ್ಗಪ್ಪ, ಆ ಪುಸ್ತಕ ಕೊಡು.” ಅದನ್ನು ನೋಡಿಯೇ ಇವತ್ತಿಗೆ ನೂರ ಎಂಬತ್ತಾರು ಮನೆಯ ಪಹಣಿ ಸರಿಯಾಗಿದೆ. ಉಳಿದದ್ದು ನಲವತ್ತಾರು.

ಆಡಳಿತ ಸುಧಾರಣೆ ಎಂದು ಏಸಿ ಹಾಲಿನಲ್ಲಿ ಭಾಷಣ ಮಾಡುವವರೇ, ನಿಮ್ಮ ಸುಧಾರಣೆ ಪಂಕ್ಚರ್ ಹಾಕಿಸಿಕೊಂಡ ಈ ಸೈಕಲ್ಲಿನ ಮೇಲೆ ಕೂತಿದೆ. ಹದಿನೈದು ವರ್ಷ ದುಡಿದವರನ್ನು ಇವತ್ತಿಗೂ ಕಾಯಂ ಮಾಡಿಲ್ಲ. ಇದೇ ತಿಂಗಳ ಕೊನೆಗೆ ಅರವತ್ತು ತುಂಬಿ ಅವರು ಮನೆಗೆ ಹೋಗಬೇಕು. ಪುಸ್ತಕ? ಕಳೆದ ವಾರ ಮೇಲಿನ ಕಚೇರಿಗೆ ಒಯ್ದರೆ ಅಲ್ಲಿದ್ದವರು ಬಿಡಿಸಿಯೂ ನೋಡಲಿಲ್ಲವಂತೆ. “ಇದು ಸರಕಾರಿ ದಾಖಲೆ ಅಲ್ಲ, ಮನೆಗೆ ತೆಗೆದುಕೊಂಡು ಹೋಗಿ.”

“ಮನೆಗ್ ತಕಂಡ್ ಹೋರೆ ಒರ್ಲಿ ತಿಂತತ್ತ್,” ಎಂದು ಗೆದ್ದಲಿನ ಮಾತೆತ್ತುತ್ತಾರೆ ದುಗ್ಗಪ್ಪ. “ಆ ನಲ್ವತ್ತಾರ್ ಮನೆಯವ್ರ್ ಮತ್ ಯಾರ್ ಹತ್ರ ಕೇಂಬುದ್? ಸಹಿ ಹಾಕಿದ್ ಹಿರಿಯರಲ್ ಅರ್ಧ ಜನ ಈಗಿಲ್ಲೆ.”

ಹತ್ತು ಗಂಟೆಗೆ ಕಚೇರಿ ಬಾಗಿಲು ತೆರೆಯುತ್ತದೆ. ಗ್ರಾಮಕರಣಿಕೆ ಶ್ರೀಲತಾ ಸಿದ್ದಾಪುರದವರು, ಕೆಲಸಕ್ಕೆ ಸೇರಿ ಎರಡು ವರ್ಷ. ಬೀಳ್ಕೊಡುಗೆಗೆ ಶಾಲಿನ ಬಣ್ಣ ಯಾವುದಾಗಬೇಕು ಎಂದು ಕೇಳುತ್ತಾರೆ.

“ಶಾಲ್ ಬ್ಯಾಡ ಮೇಡಂ. ಈ ಪುಸ್ತಕಕ್ಕೆ ಒಂದ್ ನಂಬ್ರ ಕೊಡುಕ್ ಆತ್ತಾ ಕಾಣಿ.”

ಶ್ರೀಲತಾ, ಕಚೇರಿಗೆ ಬಂದ ಕಾಗದಗಳನ್ನು ದಾಖಲಿಸುವ ಆವಕ ಪುಸ್ತಕ ಎಳೆದು, ನಿನ್ನೆಯ ಅರ್ಜಿಯ ಕೆಳಗೆ ಬರೆಯುತ್ತಾರೆ: ೧೧೩. ಉದ್ದ ಪುಸ್ತಕದ ರಟ್ಟಿನ ಮೇಲೂ ಅದೇ ಸಂಖ್ಯೆ, ಅದರ ಮೇಲೆ ಕಚೇರಿಯ ಮೊಹರು.

“ಇನ್ ಇದನ್ ಬಿಸಾಡುಕೂ ಮೇಲಿಂದ ಆರ್ಡರ್ ಬೇಕ್ ದುಗ್ಗಪ್ಪಣ್ಣ. ಆ ನಲ್ವತ್ತಾರ್ ನನ್ ತಲೆ ಮೇಲೆ.”

ಪುಸ್ತಕ ತಗಡಿನ ಪೆಟ್ಟಿಗೆಯೊಳಗೆ ಹೋಗುತ್ತದೆ. ಬೀಗ ಬೀಳುತ್ತದೆ. ಆದರೆ ದುಗ್ಗಪ್ಪ ಮೇಜಿನ ಮುಂದಿನಿಂದ ಅಲುಗುವುದಿಲ್ಲ. ಕಿಸೆಯಿಂದ ಒಂದು ಚೀಟಿ ತೆಗೆದು, ನೆಟ್ಟಗೆ ಮಾಡಿ, ಶ್ರೀಲತಾ ಅವರ ಮುಂದಿಡುತ್ತಾರೆ.

“ಒಂದ್ ಸಹಿ ಹಾಕಿ ಮೇಡಂ. ಗುರ್ತ್ ತಕಣ್ದೆ ನಾನ್ ಯಾರ್ ಮನೆಯಿಂದ್ಲೂ ಇಳ್ದವನಲ್ಲ.”