ನಾನು ಬರೆಯದ ಕೇಸ್ ಶೀಟ್

ದೆವ್ವ, ಪವಾಡ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಮೂಳೆ ವೈದ್ಯ ನಾನು. ಎಕ್ಸ್‌ರೇಯಲ್ಲಿ ಕಾಣದ್ದನ್ನು ನಂಬಿದವನಲ್ಲ. ಆದರೂ ಹೊಸಪೇಟೆಯಲ್ಲಿ ಒಂದು ಮಧ್ಯಾಹ್ನ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನಗುವುದಾದರೆ ನಗಿ.

ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ವರ್ಷಗಳು. ನಾನಿದ್ದ ಸಣ್ಣ ಖಾಸಗಿ ಆಸ್ಪತ್ರೆಯ ಮೆಟ್ಟಿಲು ಎಷ್ಟು ತೊಳೆದರೂ ಅದಿರಿನ ಧೂಳಿಗೆ ಕೆಂಪಗೇ ಇರುತ್ತಿತ್ತು. ಸಂಡೂರಿನ ಕಡೆಯ ಗಣಿಯೊಂದರಲ್ಲಿ ಅದಿರು ಆರಿಸುತ್ತಿದ್ದ ಹುಲಿಗೆಮ್ಮನನ್ನು ಅಲ್ಲಿಯ ಸೂಪರ್‌ವೈಸರ್ ಜೀಪಿನಲ್ಲಿ ಕರೆತಂದ. ರಿವರ್ಸ್ ಬಂದ ಟಿಪ್ಪರ್ ಅವಳ ಮೊಣಕಾಲಿಗೆ ಬಡಿದು ಎಂಟು ದಿನವಾಗಿತ್ತು. ಅಷ್ಟೂ ದಿನ ಆ ಮಹಾನುಭಾವ ಸೊಪ್ಪಿನ ಪಟ್ಟು ಕಟ್ಟಿಸಿ ಅವಳನ್ನು ಶೆಡ್ಡಿನಲ್ಲಿ ಮಲಗಿಸಿದ್ದ.

"ಬಚ್ಚಲದಾಗ ಜಾರಿ ಬಿದ್ದಾಳ ಅಂತ ಬರೀರಿ ಡಾಕ್ಟ್ರೇ. ಇಲ್ಲಾಂದ್ರ ವಾಪಸ್ ಕರ್ಕೊಂಡು ಹೊಕ್ಕೀನಿ," ಎಂದ.

"ನಮ್ಮ ಮನ್ಯಾಗ ಬಚ್ಚಲಾನ ಇಲ್ಲಲ್ರೀ ಯಪ್ಪಾ," ಎಂದಳು ಹುಲಿಗೆಮ್ಮ.

ಮೊಣಕಾಲಿನ ಕೆಳಗಿನ ಮೂಳೆಯ ಮೇಲ್ಭಾಗ ಒಳಕ್ಕೆ ಕುಸಿದಿತ್ತು. ಗಟ್ಟಿ ವಯಸ್ಸಿನ ಹೆಂಗಸಿನ ಮೂಳೆ ಬಚ್ಚಲಲ್ಲಿ ಜಾರಿದರೆ ಹಾಗಾಗುವುದಿಲ್ಲ. ಇನ್ನೂ ತಡವಾದರೆ ಅದು ಸೊಟ್ಟಗೆ ಕೂಡಿಕೊಂಡು ಅವಳು ಜನ್ಮವಿಡೀ ಕುಂಟಬೇಕಿತ್ತು. ಸುಳ್ಳು ಬರೆದರೆ ಗಣಿಯವರು ಪರಿಹಾರ ಕೊಡದೆ ಕೈತೊಳೆದುಕೊಳ್ಳುತ್ತಿದ್ದರು. ಕಾಲಾದರೂ ಉಳಿಯಲಿ ಎಂದು 'ಬಚ್ಚಲಲ್ಲಿ ಜಾರಿ ಬಿದ್ದು' ಎಂದೇ ಕೇಸ್ ಶೀಟಿನಲ್ಲಿ ಬರೆದು ಸಹಿ ಹಾಕಿದೆ. ಅವನು ಓದಿ ತಲೆಯಾಡಿಸಿದ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮೊಣಕಾಲನ್ನು ಪೂರ್ತಿ ಕೊಯ್ದು ಬಿಚ್ಚಲಿಲ್ಲ. ಬೆರಳಗಲ ಕೊಯ್ದು, ಕುಸಿದ ಮೂಳೆಯನ್ನು ಕೆಳಗಿನಿಂದ ಮೇಲಕ್ಕೆತ್ತಿ, ಸಣ್ಣ ತೂತುಗಳಿಂದ ಮೂರು ಸ್ಕ್ರೂ ಕೂರಿಸಿದೆ. ಒಳಗಿನದೆಲ್ಲ ಎಕ್ಸ್‌ರೇ ಪರದೆಯಲ್ಲೇ ನೋಡುತ್ತ ಮಾಡುವ ಕೆಲಸ. ಎರಡು ಗಂಟೆ ನನ್ನ ಕೈ ಗ್ಲೌಸಿನಲ್ಲಿತ್ತು, ಬಾಯಲ್ಲಿ ಆ ಸೂಪರ್‌ವೈಸರನಿಗೆ ಬೈಗುಳವಿತ್ತು. ಶೀಟು ಗೋಡೆ ಪಕ್ಕದ ಮೇಜಿನ ಮೇಲೆ, ಎಲ್ಲರ ಕಣ್ಣೆದುರಿಗೇ ಇತ್ತು.

ಆಪರೇಷನ್ ಮುಗಿದ ಮೇಲೆ ಸಿಸ್ಟರ್ ಶೀಟನ್ನು ನನ್ನ ಕೈಗಿತ್ತರು. ಅದರಲ್ಲಿ 'ಗಣಿಯಲ್ಲಿ ಟಿಪ್ಪರ್ ಬಡಿದು' ಎಂದಿತ್ತು. ನನ್ನದೇ ಕಾಗೆಕಾಲು ಗುಬ್ಬಿಕಾಲು ಅಕ್ಷರ, ನನ್ನದೇ ಸಹಿ. ಹೊಡೆದುಹಾಕಿದ ಗುರುತಿಲ್ಲ. ಹಾಳೆಯೂ ಅದೇ, ಮೂಲೆಯಲ್ಲಿ ನಾನು ಚೆಲ್ಲಿದ್ದ ಚಹಾದ ಕಲೆ ಹಾಗೇ ಇತ್ತು. ಯಾರೂ ಮುಟ್ಟಿಲ್ಲ ಎಂದು ಸಿಸ್ಟರ್ ಆಣೆ ಮಾಡಿದರು.

ಅದನ್ನು ಓದಿದ ಸೂಪರ್‌ವೈಸರ್ ಹಾರಾಡಿದ. "ಮೂರ್ನಾಕು ತೂತಿನ ಗಾಯಕ್ಕ ಇಷ್ಟ್ಯಾಕ್ರಿ ರಂಪ? ತಿದ್ದಿ ಬರೀರಿ!" ನಾನು ತಿದ್ದಲಿಲ್ಲ. ಅಂದು ನಾನು ಮಾಡಿದ ಮರ್ಯಾದೆಯ ಕೆಲಸ ಅದೊಂದೇ. ಆ ಶೀಟಿನ ಪ್ರಕಾರವೇ ಪೊಲೀಸರಿಗೆ ವರದಿ ಹೋಯಿತು. ಗಣಿಯವರಿಗೆ ನುಣುಚಿಕೊಳ್ಳಲು ಆಗಲಿಲ್ಲ.

ನಾನೇ ಸರಿಯಾಗಿ ಬರೆದು ಮರೆತಿದ್ದೆನೇ? ಹಾಗಾದರೆ ಅವನು ಓದಿ ತಲೆಯಾಡಿಸಿದ್ದು ಏನನ್ನು? ಇವತ್ತಿಗೂ ನನಗೆ ತಿಳಿದಿಲ್ಲ.

ಹೊಲಿಗೆ ಬಿಚ್ಚಿದ ದಿನ ಹುಲಿಗೆಮ್ಮ ನನ್ನ ಬಲಗೈ ಹಿಡಿದು ಕಣ್ಣಿಗೊತ್ತಿಕೊಂಡಳು. "ಖರೇ ಬರ್ದಂಥ ಕೈರೀ ಯಪ್ಪಾ ಇದು," ಎಂದಳು. ಆ ಕೈ ಬರೆದದ್ದು ಬಚ್ಚಲು ಎಂದೇ. ಅವಳಿಗೆ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.