ಅತ್ತೆಯ ಕೈಗೆ ಅಂಜಿ

ನನ್ನ ಅತ್ತೆ ದ್ರೌಪದಿಯ ಕೈ ಮಾತಿಗಿಂತ ಮುಂದೆ ಓಡುತ್ತದೆ. ಚಾಡಿ ಹೇಳುತ್ತಿಲ್ಲ, ನಮ್ಮೂರು ಕರಜಗಿಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಅಫಜಲಪುರದ ಖಾನಾವಳಿಗಳಿಗೆ ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿದು ಕೊಡುವ ಹೆಂಗಸು. ಗಂಡ ಸತ್ತ ಮೇಲೆ ಆ ರೊಟ್ಟಿಯಿಂದಲೇ ಮಗನನ್ನು ಸಾಕಿದಳು. ಒಮ್ಮೆ ಬಸ್ಸಿನಲ್ಲಿ ರೊಟ್ಟಿ ಬುಟ್ಟಿಯನ್ನು ಕಾಲಿನಿಂದ ಸರಿಸಿದ ಗಂಡಸಿನ ಕಪಾಳಕ್ಕೆ ಎಂಥ ಏಟು ಕೊಟ್ಟಳೆಂದರೆ, ಅವನು ತನ್ನ ಊರು ಬರುವ ಮೊದಲೇ ಇಳಿದು ಹೋದ. ಜನ ಇದನ್ನು ಹೇಳಿ ನಗುತ್ತಾರೆ. ಆ ಮನೆಗೆ ಸೊಸೆಯಾಗಿ ಬಂದವಳಿಗೆ ನಗು ಬರುವುದಿಲ್ಲ.

ನಾನು ಬಸುರಿಯಾದ ಮೇಲೆ ಅವಳ ಸಿಟ್ಟು ಕಡಿಮೆಯಾಗಲಿಲ್ಲ, ಹೆಚ್ಚಿತು. ಐದನೇ ತಿಂಗಳಲ್ಲಿ ತುಂಬಿದ ಕೊಡ ಎತ್ತಿದ್ದಕ್ಕೆ ಬೆನ್ನಿಗೆ ಗುದ್ದಿದಳು.

"ಹೊಟ್ಟ್ಯಾಗ ಕೂಸು ಅದ ಅಂಬೋದು ಖಬರ್ ಅದನೋ ಇಲ್ಲೋ? ಇನ್ನೊಮ್ಮೆ ಭಾರ ಎತ್ತಿದ್ರ ಕೈ ಮುರೀತೇನಿ!"

ಕೂಸನ್ನು ಕಾಪಾಡಲು ಬಸುರಿಯನ್ನು ಹೊಡೆಯುವ ಈ ನ್ಯಾಯ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಎಂಟನೇ ತಿಂಗಳ ಒಂದು ಸೋಮವಾರ ಅವಳು ರೊಟ್ಟಿ ಕೊಡಲು ಅಫಜಲಪುರಕ್ಕೆ ಹೋಗಿದ್ದಳು. ಅಂಗಳದಲ್ಲಿದ್ದ ಜೋಳದ ಚೀಲಕ್ಕೆ ಹಂದಿಗಳು ಬಾಯಿ ಹಾಕುತ್ತಿದ್ದವು. ಚೀಲ ಎಳೆದು ಒಳಗೆ ಹಾಕಿದೆ. ಸಂಜೆಗೆ ಲಂಗ ಒದ್ದೆಯಾಯಿತು. ಉಚ್ಚೆ ಎಂದುಕೊಂಡೆ, ವಾಸನೆ ನೋಡಿದರೆ ಉಚ್ಚೆಯಲ್ಲ. ಮರುದಿನ ಹೊಟ್ಟೆ ಕಲ್ಲಿನಂತೆ ಬಿಗಿಯುತ್ತಿತ್ತು, ಸಡಿಲಾಗುತ್ತಿತ್ತು, ಮತ್ತೆ ಬಿಗಿಯುತ್ತಿತ್ತು. ನೀರು ಹೋದರೆ, ಹೊಟ್ಟೆ ಬಿಗಿದರೆ ಆ ಗಳಿಗೆಗೇ ಫೋನ್ ಮಾಡು ಎಂದು ಆಶಾ ಕಾರ್ಯಕರ್ತೆ ಯಶೋಧರಾ ಅಕ್ಕ ಹೇಳಿದ್ದರು. ಫೋನ್ ಕೈಯಲ್ಲೇ ಇತ್ತು. ಮಾಡಿದರೆ ಅತ್ತೆಗೆ ಗೊತ್ತಾಗುತ್ತದೆ, ಏನು ಎತ್ತಿದೆ ಎಂದು ಕೇಳುತ್ತಾಳೆ. ಕೂಸು ಒದೆಯುವುದನ್ನು ಎಣಿಸುತ್ತ, ಒಂದೊಂದೇ ಲಂಗ ಬದಲಿಸುತ್ತ ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆ. ಕೂಸಿಗೆ ಏನಾದೀತು ಎನ್ನುವುದಕ್ಕಿಂತ ಏಟಿಗೆ ಹೆಚ್ಚು ಅಂಜಿದೆ. ಅದಕ್ಕಾಗಿ ನನ್ನ ಮೇಲೆ ನನಗೇ ಅಸಹ್ಯವಿದೆ.

ಬುಧವಾರ ಬೆಳಿಗ್ಗೆ ಹಗ್ಗದ ಮೇಲಿನ ಬಟ್ಟೆ ನೋಡಿ ಅತ್ತೆ ಒಳಗೆ ಬಂದಳು.

"ದಿನಕ್ಕ ಮೂರು ಲಂಗ ಯಾಕ ಒಗ್ಯಾಕತ್ತೀ ಬೇ? ಏನ್ ಮುಚ್ಚಾಕತ್ತೀ?"

ಉತ್ತರ ಕೊಡುವ ಮೊದಲೇ ಕೆನ್ನೆಗೆ ಬಿತ್ತು. ತಲೆ ಗೋಡೆಗೆ ಬಡಿಯಿತು. ನಿಂತಲ್ಲೇ ನೀರು ಕಾಲಗುಂಟ ಇಳಿದು ನೆಲಕ್ಕೆ ಹರಿಯಿತು, ಅದರಲ್ಲಿ ರಕ್ತವೂ ಇತ್ತು. ಅತ್ತೆಯ ಮುಖ ಬಿಳಿಚಿಕೊಂಡಿತು.

"ಜಗ್ಯಾ, ಅಂಬುಲೆನ್ಸಿಗಿ ಫೋನ್ ಹಚ್ಚಲೇ!"

ನನ್ನ ಗಂಡ ಜಗದೇವ ಫೋನ್ ಹಿಡಿದುಕೊಂಡು ಬಾಗಿಲಿಗೆ ಅಡ್ಡ ನಿಂತ. "ಯವ್ವಾ, ಎಂಟರಾಗ ಹುಟ್ಟಿದ್ದು ಉಳಿಯಂಗಿಲ್ಲ ಅಂತಾರ. ದವಾಖಾನಿಗಿ ಒಯ್ದ್ರ ಇವತ್ತೇ ಹೊರಗ ತಗೀತಾರ. ಕಾಲ ಎತ್ತರ ಮಾಡಿ ಮಲಗಸು. ನಾಕ್ ದಿನ ತಡದ್ರ ಒಂಬತ್ತು ಬೀಳ್ತದ."

ಇದು ಅವನೊಬ್ಬನ ಮಾತಲ್ಲ. ಏಳರಲ್ಲಿ ಹುಟ್ಟಿದ್ದು ಬದುಕುತ್ತದೆ, ಎಂಟರಲ್ಲಿ ಹುಟ್ಟಿದ್ದು ಬದುಕುವುದಿಲ್ಲ ಎಂದು ನಮ್ಮ ಕಡೆ ಓದಿದವರೂ ನಂಬುತ್ತಾರೆ. ಅತ್ತೆ ಒಲೆಯಿಂದ ಉರಿಯುವ ಕಟ್ಟಿಗೆ ಎಳೆದು ಮಗನ ಹುಬ್ಬಿಗೆ ಬಾರಿಸಿದಳು. ಕಿಡಿ ಹಾರಿದವು, ರಕ್ತ ಕಣ್ಣಿಗೆ ಇಳಿಯಿತು. ಅವನು ತಾಯಿಯ ತುರುಬು ಹಿಡಿದು ಜಗ್ಗಿದ. ಅವಳು ಅವನ ಮುಂಗೈ ಕಚ್ಚಿದಳು. ನಾನು ನೆಲದ ಮೇಲೆ ಕೂತು ಹೊಟ್ಟೆ ಅಪ್ಪಿಕೊಂಡು ಕಿರುಚುತ್ತಿದ್ದೆ. ಅವನ ಕೈಯಿಂದ ಬಿದ್ದ ಫೋನ್ ಎತ್ತಿಕೊಂಡು ಕೊನೆಗೆ ನಾನೇ ಅಂಬುಲೆನ್ಸ್ ಕರೆದೆ.

ದಾರಿಯುದ್ದಕ್ಕೂ ಅತ್ತೆ ನನ್ನ ಕೈ ಬಿಡಲಿಲ್ಲ.

"ನಂದೂ ಮೊದಲನೇದು ಎಂಟರಾಗೇ ಹೋತು," ಎಂದಳು. "ನೀರು ಹೋಗಾಕತ್ತಿತ್ತು. ನಮ್ಮತ್ತಿ ಹೊಡೀತಾಳಂತ ಅಂಜಿ ಎರಡು ದಿನ ಬಾಯಿ ಬಿಡಲಿಲ್ಲ ನಾ. ಕೂಸು ಒಳಗೇ ಸತ್ತಿತ್ತು."

ನಾನು ಅವಳನ್ನೇ ನೋಡಿದೆ. ತಾನು ಏನು ಹೇಳಿದೆನೆಂಬುದು ಅವಳಿಗೇ ಹೊಳೆದಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೈಗವಸು ಹಾಕಿಕೊಳ್ಳುತ್ತ, ನೀರು ಯಾವಾಗಿನಿಂದ ಹೋಗುತ್ತಿದೆ ಎಂದು ಕೇಳಿದರು.

"ಸೋಮವಾರ ಸಂಜೀಲಿಂದ್ರಿ."

"ಎರಡು ದಿನ! ಯಾರಿಗೂ ಯಾಕ ಹೇಳಲಿಲ್ಲ?"

ಸುಳ್ಳು ಹೇಳಬಹುದಿತ್ತು. ಆದರೆ ಆ ನೋವಿನಲ್ಲಿ ನನ್ನೊಳಗೆ ಸಿಟ್ಟೊಂದೇ ಉಳಿದಿತ್ತು. "ಇವ್ರು ಹೊಡೀತಾರಂತ ಅಂಜಿದ್ದೇರಿ," ಎಂದು ಅತ್ತೆಯ ಕಡೆ ಬೆರಳು ಮಾಡಿದೆ.

ಅತ್ತೆ ತನ್ನ ಕಪಾಳಕ್ಕೆ ತಾನೇ ಹೊಡೆದುಕೊಳ್ಳತೊಡಗಿದಳು, ಎಡಕ್ಕೆ, ಬಲಕ್ಕೆ, ತುಟಿ ಒಡೆಯುವ ತನಕ. ಇಬ್ಬರು ನರ್ಸುಗಳು ಹಿಡಿದು ಹೊರಗೆ ಕೂಡಿಸಿದರು. ನನಗೆ ಕನಿಕರ ಬರಲಿಲ್ಲ. ಬರಬೇಕಿತ್ತೇನೋ.

ಅಂದು ಮಧ್ಯಾಹ್ನವೇ ಮಗಳು ಹುಟ್ಟಿದಳು. ಎರಡು ಕಿಲೋ ಕೂಡ ಇರಲಿಲ್ಲ, ನಂಜು ಬೇರೆ ಏರಿತ್ತು. ಕಲಬುರಗಿಯ ದೊಡ್ಡಾಸ್ಪತ್ರೆಯಲ್ಲಿ ಹನ್ನೊಂದು ದಿನ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದು, ಎಂಟರಲ್ಲಿ ಹುಟ್ಟಿಯೂ ಬದುಕಿ ಮನೆಗೆ ಬಂದಳು.

ಅತ್ತೆ ಬದಲಾದಳು ಎಂದು ಬರೆದರೆ ಸುಳ್ಳಾಗುತ್ತದೆ. ಹೋದ ವಾರವೂ ಜಗದೇವನ ಬೆನ್ನಿಗೆ ಬಿದ್ದಿದೆ. ನನ್ನನ್ನು ಮಾತ್ರ ಅಂದಿನಿಂದ ಮುಟ್ಟಿಲ್ಲ. ಮೊಮ್ಮಗಳೆಂದರೆ ಅವಳಿಗೆ ಪ್ರಾಣ. ಎಣ್ಣೆ ಹಚ್ಚಿ ಎರೆಯುವವಳು ಅವಳೇ, ತೊಡೆಯ ಮೇಲೆ ಮಲಗಿಸಿಕೊಳ್ಳುವವಳು ಅವಳೇ.

"ನೀ ಒಳಗ ಹೋಗಿ ಉಂಡು ಬಾ, ನಾ ಹಿಡ್ಕೋತೇನಿ," ಎನ್ನುತ್ತಾಳೆ.

"ಇರಲಿ ಬಿಡ್ರಿ ಅತ್ತಿ," ಎನ್ನುತ್ತೇನೆ. ತಾಟು ಮೊದಲೇ ತಂದಿಟ್ಟುಕೊಂಡಿರುತ್ತೇನೆ. ಅವಳೆದುರೇ ಕೂತು, ಅವಳ ತೊಡೆಯ ಮೇಲಿರುವ ಮಗಳಿಂದ ಕಣ್ಣು ತೆಗೆಯದೆ ಉಣ್ಣುತ್ತೇನೆ. ಯಾಕೆಂದು ಅವಳು ಒಮ್ಮೆಯೂ ಕೇಳಿಲ್ಲ.